ತೊಟ್ಟಿಯಿಂದ ಎದ್ದವರ ಮೊದಲ ಮಾತು

ಫ್ಲೋಟ್ ಟ್ಯಾಂಕ್ ಎಂದರೆ ಗಟ್ಟಿ ಉಪ್ಪುನೀರಿನ ಮೇಲೆ ಅಲುಗಾಡದೆ ತೇಲುತ್ತಾ ಮಲಗುವ, ಮುಚ್ಚಳವಿರುವ ತೊಟ್ಟಿ. ಅದರಿಂದ ಎದ್ದು ಸ್ನಾನ ಮುಗಿಸಿ ಬಂದವರು ಮೊದಲು ಆಡುವ ಮಾತನ್ನು ನಾವು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಪಕ್ಕದಲ್ಲೇ ಆ ಹೊತ್ತಿನ ನೀರಿನ ಉಷ್ಣತೆ, ಕೋಣೆಯ ಉಷ್ಣತೆ, ದ್ರಾವಣದ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನ ಅಳತೆ. ‘ಚಳಿ ಆಯ್ತು’, ‘ಕುತ್ತಿಗೆ ಹಿಡ್ಕೊಂಡಿದೆ’, ‘ಕಣ್ಣು ಉರಿ’, ‘ಯಾರೋ ಓಡಾಡಿದ ಹಾಗಿತ್ತು’, ‘ಏನೂ ಅನ್ನಿಸ್ಲಿಲ್ಲ’. ಒಂದೊಂದು ಮಾತಿನ ಹಿಂದೆಯೂ ಕೈಗೆ ಸಿಗುವ ಒಂದು ಕಾರಣ ಇರುತ್ತದೆ, ಹುಡುಕಿದರೆ ಸರಿಪಡಿಸಬಹುದು. ಮಡಿಕೇರಿ ಸುತ್ತಿನ ಚಳಿ, ಮಳೆ, ಕರೆಂಟಿನ ನಡುವೆ ಈ ಕೆಲಸ ಹೇಗೆ ಮಾಡಿಕೊಂಡು ಬಂದಿದ್ದೇವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹೋಂಸ್ಟೇ ಜೊತೆಗೆ ಒಂದು ಟ್ಯಾಂಕ್ ಇಡಬೇಕು ಎಂದುಕೊಂಡವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಟ್ಯಾಂಕಿನ ಲೆಕ್ಕ. ಒಳ ಅಳತೆ 2.4 ಮೀಟರ್ ಉದ್ದ, 1.2 ಮೀಟರ್ ಅಗಲ, ದ್ರಾವಣದ ಆಳ 28 ಸೆಂಟಿಮೀಟರ್ ಇದ್ದರೆ ಸುಮಾರು 800 ಲೀಟರ್ ಹಿಡಿಯುತ್ತದೆ. ಸಾಪೇಕ್ಷ ಸಾಂದ್ರತೆ (ಅಷ್ಟೇ ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) 1.27ಕ್ಕೆ ಬರಬೇಕಾದರೆ ಇದರಲ್ಲಿ 510 ಕಿಲೋ ಎಪ್ಸಮ್ ಉಪ್ಪು, 510 ಲೀಟರ್ ನೀರು. ಅಂದರೆ ತೂಕದಲ್ಲಿ ಸರಿಸಮ, 25 ಕಿಲೋ ಚೀಲದಲ್ಲಿ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು. ಎಪ್ಸಮ್ ಉಪ್ಪೆಂದರೆ ಮೆಗ್ನೀಷಿಯಂ ಸಲ್ಫೇಟ್, ನಮ್ಮ ಕಡೆ ಕಾಫಿ ಬೆಳೆಗಾರರಿಗೆ ಗೊತ್ತಿರುವ ವಸ್ತುವೇ. ಹಾಗೆಂದು ಗೊಬ್ಬರದಂಗಡಿಯ ಚೀಲ ತಂದು ಸುರಿಯಬೇಡಿ. ಅದರಲ್ಲಿರುವ ಮಣ್ಣು, ಕರಗದ ಕಸ ಫಿಲ್ಟರನ್ನು ಒಂದೇ ದಿನದಲ್ಲಿ ಕಟ್ಟಿಸುತ್ತದೆ, ನೀರಿಗೆ ಕಂದು ಬಣ್ಣ ಬರುತ್ತದೆ. ಔಷಧಿಗೆ ಬಳಸುವ ದರ್ಜೆಯ ಉಪ್ಪನ್ನೇ ತರಿಸಬೇಕು.

ಈ ಉಪ್ಪು ಕರಗುವಾಗ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. 50 ಡಿಗ್ರಿ ಬಿಸಿ ನೀರಿನಿಂದ ಶುರು ಮಾಡಿದರೂ ಉಪ್ಪೆಲ್ಲ ಕರಗುವಷ್ಟರಲ್ಲಿ 30ರ ಆಸುಪಾಸಿಗೆ ಇಳಿದಿರುತ್ತದೆ. ತಣ್ಣೀರಿಗೆ ಸುರಿದವರಿಗೆ ಎರಡು ದಿನವಾದರೂ ತಳದಲ್ಲಿ ಕಲ್ಲಿನಂಥ ಪದರ ಉಳಿಯುತ್ತದೆ. ಬಚ್ಚಲುಮನೆಯ ಹಂಡೆಯಲ್ಲೇ ನೀರು ಕಾಯಿಸಿ, ಎರಡೆರಡು ಚೀಲ ಹಾಕುತ್ತಾ ಮರದ ಹುಟ್ಟಿನಿಂದ ಕಲಕಿದರೆ ಒಂದು ಮಧ್ಯಾಹ್ನದ ಕೆಲಸ. ನೀರು ಎಲ್ಲಿಯದು ಎಂಬುದೂ ಮುಖ್ಯ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದಂಶ ಇದ್ದರೆ, ಶುದ್ಧಿಗೆಂದು ಹಾಕುವ ಹೈಡ್ರೋಜನ್ ಪೆರಾಕ್ಸೈಡ್ ತಗುಲಿದ ಕೂಡಲೇ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ತುಂಬುವ ಮೊದಲು ಒಂದು ಗಾಜಿನ ಲೋಟದಲ್ಲಿ ಪರೀಕ್ಷಿಸಿ ನೋಡಿ.

1.27ರಲ್ಲಿ ದೇಹದ ಐದನೇ ಒಂದು ಭಾಗ ನೀರಿನ ಮೇಲೆ ಉಳಿಯುತ್ತದೆ. ಮುಖ, ಎದೆ, ಮಂಡಿಯ ಚಿಪ್ಪು, ಕಾಲ್ಬೆರಳು. ದಪ್ಪ ಇದ್ದವರು, ಸಪೂರ ಇದ್ದವರು, ಈಜು ಬಾರದವರು ಎಲ್ಲರೂ ತೇಲುತ್ತಾರೆ.

ಇನ್ನು ‘ಚಳಿ ಆಯ್ತು’ ಎಂಬ ಮಾತು. ನಮ್ಮ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಬಂದದ್ದು ಇದೇ, ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ. ನೀರು 35 ಡಿಗ್ರಿ ತೋರಿಸುತ್ತಿರುತ್ತದೆ, ಮೊದಲ ಅರ್ಧ ಗಂಟೆ ಹಾಯಾಗಿಯೂ ಇರುತ್ತದೆ, ನಲವತ್ತನೇ ನಿಮಿಷದ ಹೊತ್ತಿಗೆ ಮೈ ನಡುಗುತ್ತದೆ. ಕಾರಣ ನೀರಿನಲ್ಲಿಲ್ಲ, ಗಾಳಿಯಲ್ಲಿದೆ. ಮೇಲೆ ಉಳಿದ ಆ ಐದನೇ ಒಂದು ಭಾಗ ಒದ್ದೆಯಾಗಿರುತ್ತದೆ, ಗಾಳಿ ತಣ್ಣಗಿದ್ದರೆ ಅಲ್ಲಿಂದ ಶಾಖ ಹೋಗುತ್ತಲೇ ಇರುತ್ತದೆ. ಅಲುಗಾಡದೆ ಮಲಗಿದ ದೇಹ ಅದನ್ನು ತುಂಬಿಕೊಳ್ಳುವಷ್ಟು ಬಿಸಿ ಹುಟ್ಟಿಸುವುದಿಲ್ಲ. ನೀರು 34.5ರಿಂದ 35.5ರ ಒಳಗೆ, ಟ್ಯಾಂಕಿನೊಳಗಿನ ಗಾಳಿ 32ರಿಂದ 34, ಅದೂ ತೇವವಾಗಿ ಇರಬೇಕು. ಆಗಷ್ಟೇ ಚರ್ಮಕ್ಕೆ ಎಲ್ಲಿ ನೀರು ಮುಗಿಯಿತು, ಎಲ್ಲಿ ಗಾಳಿ ಶುರುವಾಯಿತು ಎಂದು ತಿಳಿಯದೆ ಹೋಗುತ್ತದೆ. ಇಡೀ ಅನುಭವ ನಿಂತಿರುವುದೇ ಇದರ ಮೇಲೆ. ಬೆಳಿಗ್ಗೆ 12 ಡಿಗ್ರಿ ಇರುವ ಕೋಣೆಯಲ್ಲಿ ಹೀಟರನ್ನು ಗ್ರಾಹಕರು ಬರುವ ಅರ್ಧ ಗಂಟೆ ಮೊದಲು ಹಾಕಿದರೆ ಗಾಳಿ ಬಿಸಿಯಾಗುತ್ತದೆ, ಗೋಡೆ ಬಿಸಿಯಾಗುವುದಿಲ್ಲ. ಮುಚ್ಚಳದ ಒಳಮೈಯಲ್ಲಿ ಆವಿ ಹನಿಗಟ್ಟಿ ಮುಖದ ಮೇಲೆ ಬೀಳುತ್ತದೆ. ಆ ಒಂದು ಹನಿಗೆ ಬೆಚ್ಚಿಬಿದ್ದವರು ಮತ್ತೆ ಒಳಗೆ ಇಳಿಯುವುದು ಕಷ್ಟ. ಮುಚ್ಚಳದ ಹೊರಮೈಗೆ 25 ಮಿಲಿಮೀಟರ್ ಫೋಮ್ ಅಂಟಿಸಿ, ಚಳಿಗಾಲದಲ್ಲಿ ಕೋಣೆಯ ಹೀಟರನ್ನು ಮೂರು ಗಂಟೆ ಮೊದಲೇ ಹಾಕಲು ಶುರು ಮಾಡಿದ ಮೇಲೆ ಹನಿಯ ದೂರು ನಿಂತಿತು.

ಹೀಟರ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಇಷ್ಟು ದ್ರಾವಣವನ್ನು ಒಂದು ಡಿಗ್ರಿ ಏರಿಸಲು ಸುಮಾರು 0.9 ಯೂನಿಟ್ ಬೇಕು. 1 ಕಿಲೋವ್ಯಾಟ್ ಹೀಟರಿಗೆ ಹತ್ತಿರ ಹತ್ತಿರ ಒಂದು ಗಂಟೆ. ರಾತ್ರಿಯಿಡೀ ಕರೆಂಟ್ ಇಲ್ಲದೆ ನೀರು 32ಕ್ಕೆ ಇಳಿದಿದ್ದರೆ, ಬೆಳಿಗ್ಗೆ ಒಂಬತ್ತರ ಬುಕಿಂಗನ್ನು ಹನ್ನೆರಡೂವರೆಗೆ ಮುಂದೂಡಿ ಎಂದು ಮೊದಲೇ ಫೋನ್ ಮಾಡುವುದು ಮರ್ಯಾದೆ. 33ರಲ್ಲಿ ಇಳಿಸಿ ‘ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ’ ಎನ್ನುವುದು ತಪ್ಪು.

ಕರೆಂಟ್ ಹೋದಾಗ ಇನ್ನೂ ದೊಡ್ಡ ಅಪಾಯ ಪೈಪಿನಲ್ಲಿದೆ. 1.27 ಸಾಂದ್ರತೆಯ ದ್ರಾವಣ 20 ಡಿಗ್ರಿಯಲ್ಲೇ ಹೆಚ್ಚುಕಡಿಮೆ ಇನ್ನಷ್ಟು ಉಪ್ಪು ಹಿಡಿಯಲಾರದ ಹಂತದಲ್ಲಿರುತ್ತದೆ. ಅದಕ್ಕಿಂತ ತಣ್ಣಗಾದರೆ ಉಪ್ಪು ಹರಳಾಗಿ ಹೊರಬೀಳುತ್ತದೆ. ಟ್ಯಾಂಕ್ ದೊಡ್ಡದು, ಬೇಗ ಆರುವುದಿಲ್ಲ. ಹೊರಗೋಡೆಗೆ ತಾಗಿಕೊಂಡ ಪಂಪು ಮತ್ತು ಎರಡು ಮೀಟರ್ ಪೈಪು ಮಾತ್ರ ಒಂದೇ ರಾತ್ರಿಗೆ 13ಕ್ಕೆ ಬಂದುಬಿಡುತ್ತವೆ. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಹರಳು ಪಂಪಿನ ಸೀಲನ್ನು ಕೆರೆದು ಹಾಕುತ್ತದೆ. ಆದ್ದರಿಂದ ಪಂಪ್, ಫಿಲ್ಟರ್ ಎಲ್ಲವನ್ನೂ ಬೆಚ್ಚಗಿನ ಕೋಣೆಯೊಳಗೇ ಇಡಿ, ಪೈಪಿಗೆ ಫೋಮ್ ಸುತ್ತಿ. ತಣ್ಣಗಾಗಿದೆ ಎಂಬ ಅನುಮಾನ ಬಂದರೆ ಮೊದಲು ಬಿಸಿ ನೀರು ಸುರಿದು ಹತ್ತು ನಿಮಿಷ ಬಿಟ್ಟು, ಪಂಪಿನ ದಂಡವನ್ನು ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಸ್ವಿಚ್. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಮಾಮೂಲು. ಇನ್ವರ್ಟರಿಗೆ ಪಂಪ್, ನೀರಿನ ಕ್ರಿಮಿ ಕೊಲ್ಲುವ ಯುವಿ ದೀಪ, ಗಾಳಿಯಾಡಿಸುವ ಫ್ಯಾನ್ ಮಾತ್ರ ಕೊಡಿ. ಹೀಟರ್ ಜನರೇಟರಿಗೆ. ಒಳಗೆ ಗ್ರಾಹಕರಿದ್ದಾಗ ಜನರೇಟರ್ ಹಾಕಲೇಬಾರದು.

ಏಕೆಂದರೆ ಸದ್ದು. ಕಿವಿಗೆ ಪ್ಲಗ್ ಹಾಕಿ, ಕಿವಿ ನೀರಿನೊಳಗಿದ್ದರೂ ಗುಡುಗುಡು ಎನ್ನುವ ತಗ್ಗಿನ ಸದ್ದು ನೆಲದಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ನೀರಿಗೆ, ನೀರಿನಿಂದ ನೇರ ತಲೆಬುರುಡೆಗೆ ಬರುತ್ತದೆ. ಪಕ್ಕದ ಕೋಣೆಯ ಮಾತು ಕೇಳಿಸುವುದಿಲ್ಲ, ಅಲ್ಲಿ ಕುರ್ಚಿ ಎಳೆದರೆ ಕೇಳಿಸುತ್ತದೆ. ಟ್ಯಾಂಕಿನ ಅಡಿಗೆ 50 ಮಿಲಿಮೀಟರ್ ದಪ್ಪದ ರಬ್ಬರ್ ಹಾಸಿದ್ದರಿಂದ ಹೆಜ್ಜೆ ಸದ್ದು ಬಹುಮಟ್ಟಿಗೆ ಹೋಯಿತು. ತಗಡಿನ ಮಾಡಿನ ಕೆಳಗಂತೂ ಟ್ಯಾಂಕ್ ಇಡಬೇಡಿ. ವರ್ಷಕ್ಕೆ 3 ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೋಲಿನೊಳಗೆ ಮಲಗಿಸಿದ ಹಾಗಾಗುತ್ತದೆ. ಮಾಡಿನ ಕೆಳಗೆ ಕಾಂಕ್ರೀಟ್ ತಾರಸಿ ಇದ್ದರೆ ಉತ್ತಮ. ಉಳಿದದ್ದು ಕ್ಯಾಲೆಂಡರ್ ನೋಡಿ ಮಾಡುವ ಕೆಲಸ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತದೆ, ಆಗ ಬೆಳಗಿನ ಬುಕಿಂಗ್ ಮಾತ್ರ. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪಂಪ್‌ಸೆಟ್ ಹಗಲುರಾತ್ರಿ ಓಡುತ್ತದೆ, ಪಕ್ಕದ ತೋಟದವರ ಹತ್ತಿರ ಸಮಯ ಕೇಳಿಕೊಳ್ಳಬೇಕು. ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ರಾತ್ರಿ ಕೋವಿಯ ಸದ್ದು ಇದ್ದೇ ಇರುತ್ತದೆ, ಆ ದಿನ ಬುಕಿಂಗ್ ಇಲ್ಲ. ಆನೆ ಬಂದಾಗ ಸಿಡಿಸುವ ಪಟಾಕಿಗೆ ಕ್ಯಾಲೆಂಡರ್ ಇಲ್ಲವಲ್ಲ, ಅದನ್ನು ಮೊದಲೇ ಹೇಳಿ ಒಳಗೆ ಕಳಿಸುತ್ತೇವೆ.

ಕುತ್ತಿಗೆ ನೋವಿಗೆ ಕಾರಣ ಭಯ. ತಲೆ ಮುಳುಗಿಬಿಡುತ್ತದೆ ಎಂದು ಮನಸ್ಸಿಗೆ ಗೊತ್ತಿಲ್ಲದೆಯೇ ಕುತ್ತಿಗೆ ಎತ್ತಿ ಹಿಡಿದಿರುತ್ತಾರೆ. ‘ರಿಲ್ಯಾಕ್ಸ್ ಆಗಿ’ ಎಂದು ಹೇಳಿ ಪ್ರಯೋಜನವಿಲ್ಲ. ‘ಮೇಡಂ, ಗದ್ದ ಸ್ವಲ್ಪ ಮೇಲೆತ್ತಿ ಮಾಡಿನ ಕಡೆ ನೋಡಿ, ಕೈ ಎರಡೂ ತಲೆ ಪಕ್ಕಕ್ಕೆ ತನ್ನಿ’ ಎಂದು ಭಂಗಿಯನ್ನೇ ಹೇಳಬೇಕು. ಕೈ ಮೇಲೆ ಬಂದರೆ ಭುಜ ಸಡಿಲವಾಗುತ್ತದೆ. ಆಗಲೂ ಆಗದವರಿಗೆ ಕುತ್ತಿಗೆಯ ಕೆಳಗಿಡುವ ಫೋಮ್ ಬಳೆ ಕೊಡುತ್ತೇವೆ. ಗೋಡೆಗೆ ತಾಗುತ್ತಾ ತೇಲುವವರಿಗೆ ಒಂದು ಉಪಾಯ. ಮೊದಲಿಗೆ ಕೈಕಾಲು ಚಾಚಿ ನಾಲ್ಕೂ ಕಡೆ ಮುಟ್ಟಿ ನಡುವೆ ನಿಂತು, ನೀರು ಅಲುಗಾಟ ನಿಲ್ಲಿಸಿದ ಮೇಲೆ ನಿಧಾನವಾಗಿ ಕೈ ಬಿಡುವುದು.

ಕಣ್ಣುರಿ ಹೆಚ್ಚಾಗಿ ಬರುವುದು ಮೂಗು ಕೆರೆಯಲು ಹೋದಾಗ. ಒದ್ದೆ ಕೈಯಿಂದ ಹನಿ ಇಳಿಯುತ್ತದೆ. ಕೈಗೆಟಕುವಲ್ಲಿ ಒಣ ಟವೆಲ್ ಮತ್ತು ಸಿಹಿನೀರಿನ ಸ್ಪ್ರೇ ಬಾಟಲಿ ನೇತುಹಾಕಿರಬೇಕು, ಕತ್ತಲಲ್ಲಿ ಕೈಯಿಟ್ಟು ಹುಡುಕಿ ನೋಡುವುದನ್ನು ಇಳಿಯುವ ಮೊದಲೇ ಒಮ್ಮೆ ಮಾಡಿಸಬೇಕು. ಆ ದಿನ ಶೇವ್ ಅಥವಾ ವ್ಯಾಕ್ಸ್ ಮಾಡಿಸಿಕೊಂಡವರಿಗೆ ಮೈಯೆಲ್ಲ ಉರಿಯುತ್ತದೆ, ಬುಕಿಂಗ್ ವೇಳೆಯಲ್ಲೇ ಹೇಳಿ. ಜಿಗಣೆ ಕಚ್ಚಿದ ಗಾಯಕ್ಕೆ ನಮ್ಮ ಕಡೆ ಮಳೆಗಾಲದಲ್ಲಿ ಬರವಿಲ್ಲ. ಚಿಕ್ಕದಾದರೆ ವ್ಯಾಸಲಿನ್ ಸವರಿ, ಇನ್ನೂ ರಕ್ತ ಒಸರುತ್ತಿದ್ದರೆ ಇನ್ನೊಂದು ದಿನ ಬನ್ನಿ ಎನ್ನಿ.

‘ಏನೂ ಅನ್ನಿಸ್ಲಿಲ್ಲ’ ಎಂಬುದಕ್ಕೆ ನಾವು ಕೇಳುವ ಮೊದಲ ಪ್ರಶ್ನೆ, ಬರುವ ಮುಂಚೆ ಕಾಫಿ ಕುಡಿದಿರಾ? ಕೊಡಗಿನಲ್ಲಿ ಯಾರ ಮನೆಗೆ ಹೋದರೂ ಲೋಟ ಕೈಗೆ ಬಂದುಬಿಡುತ್ತದೆ. ಕುಡಿದು ಬಂದವರಿಗೆ ಎದೆಬಡಿತವೇ ಕಿವಿಯಲ್ಲಿ ಕೇಳಿಸುತ್ತಿರುತ್ತದೆ, ಮನಸ್ಸು ಕೂರುವುದಿಲ್ಲ. ನಾಲ್ಕು ಗಂಟೆ ಮೊದಲಿಂದ ಕಾಫಿ ಬೇಡ, ಒಂದೂವರೆ ಗಂಟೆ ಮೊದಲು ಹಗುರ ಊಟ. ತೀರಾ ಹಸಿದ ಹೊಟ್ಟೆಯೂ ಸದ್ದು ಮಾಡುತ್ತದೆ. ಎರಡನೇ ಕಾರಣ ಸಮಯ. ಮೊದಲ 20 ನಿಮಿಷ ಬಹುತೇಕ ಎಲ್ಲರೂ ಚಡಪಡಿಸುತ್ತಾರೆ, ನಿದ್ದೆಗೆ ಜಾರುವಾಗ ಆಗುವಂತೆ ಕಾಲು ತಟ್ಟನೆ ಅದುರುತ್ತದೆ. 30 ನಿಮಿಷದ ಅಗ್ಗದ ಸೆಷನ್ ಇಟ್ಟರೆ ಸರಿಯಾಗಿ ಆ ಚಡಪಡಿಕೆಯನ್ನಷ್ಟೇ ಮಾರಿದ ಹಾಗಾಗುತ್ತದೆ. ನಾವು 60 ನಿಮಿಷಕ್ಕಿಂತ ಕಡಿಮೆ ಕೊಡುವುದಿಲ್ಲ. ದೀಪ ಹಾಕಿಕೊಂಡು, ಮುಚ್ಚಳ ತೆರೆದುಕೊಂಡು ತೇಲಿದರೂ ಅದು ಸರಿಯೇ, ಕತ್ತಲೆಗೆ ಯಾರನ್ನೂ ಒತ್ತಾಯಿಸಬೇಡಿ. ಬಾಗಿಲಿಗೆ ಚಿಲಕ ಇರಲೇಬಾರದು.

ಮೆಗ್ನೀಷಿಯಂ ಚರ್ಮದಿಂದ ಮೈಗೆ ಇಳಿದು ಕಾಯಿಲೆ ವಾಸಿ ಮಾಡುತ್ತದೆ ಎಂದು ಬೋರ್ಡ್ ಹಾಕಬೇಡಿ, ಅದಕ್ಕೆ ಗಟ್ಟಿ ಆಧಾರವಿಲ್ಲ. 1954ರಲ್ಲಿ ಅಮೆರಿಕದ ಜಾನ್ ಲಿಲ್ಲಿ ಮೊದಲ ಟ್ಯಾಂಕ್ ಕಟ್ಟಿದ್ದು ಹೊರಗಿನ ಪ್ರಚೋದನೆ ತೆಗೆದುಬಿಟ್ಟರೆ ಮಿದುಳು ಏನು ಮಾಡುತ್ತದೆ ಎಂದು ನೋಡಲು. ಉಪ್ಪಿನ ಬಳಕೆ ಬಂದದ್ದು ಆಮೇಲೆ. 2018ರಲ್ಲಿ ಅಮೆರಿಕದ ಟಲ್ಸಾ ನಗರದ ಸಂಶೋಧಕರು ಆತಂಕದ ತೊಂದರೆ ಇದ್ದ 50 ಮಂದಿಯನ್ನು ಒಂದು ಗಂಟೆ ತೇಲಿಸಿ ನೋಡಿದಾಗ ಆತಂಕ ತಗ್ಗಿದ್ದು ಕಂಡಿತು, ಆದರೆ ಅದು ಒಂದೇ ಸಲದ ಆರಂಭಿಕ ಅಧ್ಯಯನ. ಹತೋಟಿಯಲ್ಲಿಲ್ಲದ ಮೂರ್ಛೆರೋಗ, ಮೂತ್ರಪಿಂಡದ ತೀವ್ರ ಕಾಯಿಲೆ, ಹರಡುವ ಚರ್ಮರೋಗ ಇದ್ದವರನ್ನು, ಕುಡಿದು ಬಂದವರನ್ನು ಇಳಿಸುವುದಿಲ್ಲ. ಗರ್ಭಿಣಿಯರು ವೈದ್ಯರನ್ನು ಕೇಳಿ ಬರಬೇಕು.

ಇಬ್ಬರು ಗ್ರಾಹಕರ ನಡುವೆ ದ್ರಾವಣ ಕನಿಷ್ಠ ಮೂರು ಸಲ ಪೂರ್ತಿ ಫಿಲ್ಟರ್ ಮೂಲಕ ಹಾಯಬೇಕು. 800 ಲೀಟರಿಗೆ 2,400 ಲೀಟರ್. ಪಂಪಿನ ಮೇಲೆ ಬರೆದ ವೇಗವನ್ನು ನಂಬಬೇಡಿ, ಅದು ಸಿಹಿನೀರಿನದು. ಈ ಮಂದ ದ್ರಾವಣದಲ್ಲಿ ನಿಮಿಷಕ್ಕೆ 80 ಲೀಟರ್ ಬರುತ್ತಿದ್ದರೆ 30 ನಿಮಿಷ ಬೇಕು, ಬಕೆಟ್ ಹಿಡಿದು ಅಳೆದುಕೊಳ್ಳಿ. ಕ್ಲೋರಿನ್ ಮುಚ್ಚಿದ ಕೋಣೆಯಲ್ಲಿ ಮೂಗಿಗೆ ಅಡರುತ್ತದೆ, ಯುವಿ ದೀಪದ ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ನಮಗೆ ಒಗ್ಗಿದೆ, ಪ್ರತಿದಿನ ಪರೀಕ್ಷಾ ಪಟ್ಟಿ ಅದ್ದಿ ಅದರ ಪ್ರಮಾಣ ನೋಡಬೇಕು. ಮೊದಲು ಸೋಪಿನಲ್ಲಿ ಸ್ನಾನ ಮಾಡಿ, ತಲೆಯ ಎಣ್ಣೆ ತೊಳೆದೇ ಇಳಿಯಬೇಕು ಎಂಬಲ್ಲಿ ಮುಲಾಜು ಬೇಡ. ಒಬ್ಬೊಬ್ಬರು ಮೈಯಲ್ಲಿ, ಕೂದಲಲ್ಲಿ ಅರ್ಧದಿಂದ ಒಂದು ಲೀಟರ್ ದ್ರಾವಣ ಹೊತ್ತೊಯ್ಯುತ್ತಾರೆ. ಐವತ್ತು ಮಂದಿಗೆ ಹೆಚ್ಚುಕಡಿಮೆ ಒಂದು ಚೀಲ ಉಪ್ಪು ಹೋಯಿತು ಎಂದಿಟ್ಟುಕೊಳ್ಳಿ. ಹೈಡ್ರೋಮೀಟರ್ 1.26ಕ್ಕೆ ಇಳಿದರೆ ಉಪ್ಪು ಸೇರಿಸಿ. ನೆಲಕ್ಕೆ ಬಿದ್ದ ದ್ರಾವಣ ಸಿಮೆಂಟನ್ನು ತಿನ್ನುತ್ತದೆ, ಟೈಲ್ಸ್ ಸಂದಿಗೆ ಎಪಾಕ್ಸಿ ಹಾಕಿಸಿ. ಟ್ಯಾಂಕ್ ಖಾಲಿ ಮಾಡುವ ದಿನ ಬಂದರೆ ಅದನ್ನು ತೋಡಿಗೂ ಬಿಡಬೇಡಿ, ಕಾಫಿ ಬುಡಕ್ಕೂ ಬಿಡಬೇಡಿ. ಎಲೆಗೆ ತೆಳುವಾಗಿ ಸಿಂಪಡಿಸುವ ಉಪ್ಪೇ ಆದರೂ ಈ ಗಟ್ಟಿಯಲ್ಲಿ ಬೇರು ಸುಟ್ಟು ಹೋಗುತ್ತದೆ.

ಎದ್ದ ಮೇಲೆ ಒಂದು ನಿಮಿಷ ಕೂತು, ಕೈಹಿಡಿ ಹಿಡಿದು ಎದ್ದು ನಿಲ್ಲಬೇಕು, ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಕಿವಿಯಲ್ಲಿ ಉಪ್ಪು ಹರಳುಗಟ್ಟಿ ಕಟಕಟ ಎಂದರೆ ಬಿಳಿ ವಿನೆಗರ್ ಮತ್ತು ನೀರು ಸಮವಾಗಿ ಬೆರೆಸಿ ಎರಡು ಹನಿ. ಕಿವಿತಮಟೆ ತೂತಾದವರಿಗೆ ಇದು ಬೇಡ. ಅಡುಗೆಮನೆಯ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಖಂಡಿತ ಬೇಡ. ಆಮೇಲೆ ಕಾಫಿ ಕೊಡಬಹುದು, ಅದರ ಪರಿಮಳ ಎಂದಿಗಿಂತ ಹೆಚ್ಚು ಎಂದು ಅನೇಕರು ಹೇಳುತ್ತಾರೆ. ಕಾರಿನ ಕೀಲಿಯನ್ನು ಮಾತ್ರ ಅರ್ಧ ಗಂಟೆ ಕಳೆದ ಮೇಲೆ ಕೊಡುತ್ತೇವೆ. ಸಂಪಾಜೆ ಘಾಟಿ ಇಳಿಯುವವರಿಗೆ ಮುಕ್ಕಾಲು ಗಂಟೆ.