ಕಾರವಾರಕ್ಕೆ ಹೊಸಬರೇ? ನಕ್ಷೆಯಿಂದ ಶುರು ಮಾಡಿ

ಘಟ್ಟದ ಮೇಲಿನಿಂದ ಬಂದವರಿಗೆ ಕಾರವಾರ ಮೊದಮೊದಲು ಪರದೇಶದ ಹಾಗೇ ಇರುತ್ತದೆ. ಮೀನು ಪೇಟೆಯಲ್ಲಿ ಕೊಂಕಣಿ, ಪಕ್ಕದ ಮನೆಯಲ್ಲೂ ಕೊಂಕಣಿ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ, ಆದರೆ ಅಷ್ಟರಲ್ಲಿ ತಮಾಷೆಯೆಲ್ಲ ಕೊಂಕಣಿಯಲ್ಲಿ ಮುಗಿದಿರುತ್ತದೆ. ನಾನು ಹಾವೇರಿ ಕಡೆಯವನು. ಮನೆಯಿಂದಲೇ ಕೆಲಸ, ಮಾತಾಡಲು ಜನವಿಲ್ಲ. ಹಾಗಾಗಿ ಯಾರು ಬೇಕಾದರೂ ಕೈಜೋಡಿಸಿ ತಿದ್ದಬಹುದಾದ ಕೆಲಸಕ್ಕೆ, ಅಂದರೆ ಓಪನ್ ಸೋರ್ಸ್‌ಗೆ ಇಳಿದೆ.

ಇಳಿದದ್ದು ಮಾತ್ರ ತಪ್ಪು ಕಡೆಯಿಂದ. ದೊಡ್ಡದೊಂದು ಪ್ರಾಜೆಕ್ಟ್ ಹಿಡಿದು ಪುಲ್ ರಿಕ್ವೆಸ್ಟ್, ಅಂದರೆ 'ನನ್ನ ತಿದ್ದುಪಡಿ ಸೇರಿಸಿಕೊಳ್ಳಿ' ಅನ್ನುವ ಕೋರಿಕೆ, ಕಳಿಸಿದೆ. ಎರಡೇ ದಿನದಲ್ಲಿ ಮೂರು ಸಲ 'ನೋಡಿದಿರಾ?' ಅಂತ ಕೇಳಿದೆ. ನಾವೂ ಸಂಜೆ ಬಿಡುವಾದಾಗ ಮಾಡುವವರೇ ಮಾರಾಯ ಅನ್ನುವ ಧಾಟಿಯಲ್ಲಿ ಅದನ್ನು ನಡೆಸುವವರಿಂದ ಖಾರವಾದ ಉತ್ತರ ಬಂತು. ಮುಖ ಸಣ್ಣದಾಯಿತು. ಈಗ ಎರಡು ವಾರ ಕಾಯುತ್ತೇನೆ, ಒಮ್ಮೆ ಮಾತ್ರ ಕೇಳುತ್ತೇನೆ.

ಅಕ್ಟೋಬರ್ ಬಂತೆಂದರೆ ತಿಂಗಳಿಡೀ ಪುಲ್ ರಿಕ್ವೆಸ್ಟ್ ಕಳಿಸುವ ಹಬ್ಬ, ಹ್ಯಾಕ್ಟೋಬರ್‌ಫೆಸ್ಟ್ ಅಂತ ಯಾರಾದರೂ ಹುರಿದುಂಬಿಸುತ್ತಾರೆ. ಸೇರಿ, ಬೇಡ ಅನ್ನುವುದಿಲ್ಲ. ಆದರೆ 2020ರಲ್ಲಿ ಬಹುಮಾನದ ಟೀ ಶರ್ಟ್ ಆಸೆಗೆ ಜನ ಪ್ರಾಜೆಕ್ಟಿನ ಪರಿಚಯ ಬರೆದಿಡುವ ರೀಡ್‌ಮೀ ಫೈಲಿಗೆ ಸುಮ್ನೆ ಒಂದೊಂದು ಪದ ಸೇರಿಸಿ ಕಳಿಸಿ, ಪ್ರಾಜೆಕ್ಟ್ ನಡೆಸುವವರ ತಲೆ ಕೆಡಿಸಿದ್ದರು. ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕ ಅಂತ ಹಬ್ಬ ನಡೆಯುತ್ತಿರುವಾಗಲೇ ನಿಯಮ ಬದಲಾಯಿಸಬೇಕಾಯಿತು.

ಹೊಸ ಊರಿಗೆ ಬಂದವರಿಗೆ ನಾನು ಹೇಳುವುದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಕೋಡ್ ಬರಬೇಕಿಲ್ಲ. ಆಂಡ್ರಾಯ್ಡ್ ಫೋನಿಗೆ ಸ್ಟ್ರೀಟ್‌ಕಂಪ್ಲೀಟ್ ಅನ್ನುವ ಆ್ಯಪ್ ಹಾಕಿಕೊಂಡು ಕಾಜುಬಾಗದಿಂದ ಕಡಲ ಕಡೆಗೆ ನಡೆಯಿರಿ. ಈ ರಸ್ತೆ ಡಾಂಬರೋ ಮಣ್ಣೋ, ಈ ಕಟ್ಟಡಕ್ಕೆ ಎಷ್ಟು ಮಹಡಿ, ಈ ಅಂಗಡಿ ಎಷ್ಟು ಗಂಟೆಗೆ ತೆಗೆಯುತ್ತದೆ ಅಂತ ಅದೇ ಕೇಳುತ್ತದೆ. ನೋಡಿ ಹೇಳಿದರೆ ಆಯಿತು. ಗೊತ್ತಿಲ್ಲದಿದ್ದರೆ ಅಂಗಡಿಯವರನ್ನೇ ಕೇಳಬೇಕು, ಅಲ್ವಾ? ನನಗೆ ಈ ಊರಿನ ಅರ್ಧ ಪರಿಚಯ ಆದದ್ದು ಹಾಗೇ.

ಇದು ಆಟವಲ್ಲ ಅಂತ ಗೊತ್ತಾದದ್ದು 2024ರ ಆಗಸ್ಟ್ 7ರಂದು. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ನಡುರಾತ್ರಿ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿದ. ಅಲ್ಲಿವರೆಗೆ ಹೋಗಲು ಒಂದು, ಬರಲು ಒಂದು ಸೇತುವೆ. ಆಮೇಲೆ ಎರಡೂ ಕಡೆಯ ಗಾಡಿಗಳು ಹೊಸದರ ಮೇಲೇ ಓಡಾಡಬೇಕಾಯಿತು. ಅಂದರೆ ನಕ್ಷೆಯಲ್ಲಿ ಒಂದು ಗೆರೆ ಅಳಿಸಿದರೆ ಸಾಲದು, ಪಕ್ಕದ ಗೆರೆಯ 'ಒನ್ ವೇ' ಕೂಡ ತೆಗೆಯಬೇಕು. ಇಲ್ಲದಿದ್ದರೆ ಫೋನು ನಿಮ್ಮನ್ನು ಇಲ್ಲದ ಸೇತುವೆಗೆ ಕಳಿಸುತ್ತದೆ. ಇಂಥದ್ದನ್ನು ಬೇಗ ನೋಡುವವರು ಊರಲ್ಲಿ ಇರುವವರೇ.

ಒಂದು ಎಚ್ಚರಿಕೆ: ಗೂಗಲ್ ಮ್ಯಾಪ್ ನೋಡಿ ಹೆಸರು ಇಳಿಸಬೇಡಿ. ಅದು ಅವರ ಸ್ವತ್ತು, ಇಲ್ಲಿ ಒಪ್ಪುವುದಿಲ್ಲ. ಬೋರ್ಡ್ ನೋಡಿ, ಇಲ್ಲವೇ ಜನರನ್ನು ಕೇಳಿ.

ನಡೆಯಲು ಇಷ್ಟವಿಲ್ಲದವರಿಗೆ ಅನುವಾದ ಇದೆ. ಫೈರ್‌ಫಾಕ್ಸ್‌ನ ಕನ್ನಡ ಕೆಲಸ ಪೊಂಟೂನ್ ಅನ್ನುವ ಜಾಲತಾಣದಲ್ಲಿ ನಡೆಯುತ್ತದೆ. ಫೈಲಿಗೆ 'ಕಡತ' ಸರಿಯೋ, 'ಫೈಲ್' ಸರಿಯೋ ಅಂತ ಜಗಳಕ್ಕೂ ಜನ ಸಿಗುತ್ತಾರೆ. ನಾನು ಫೈಲ್ ಪಕ್ಷ.

ಜೂನ್ ಹಿಡಿದರೆ ಇಲ್ಲಿ ಕರೆಂಟು, ನೆಟ್ಟು ಎರಡನ್ನೂ ನಂಬುವಂತಿಲ್ಲ. ಚಿಂತೆ ಬೇಡ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಲು (ಬದಲಾವಣೆಯನ್ನು ನಮ್ಮಲ್ಲೇ ಉಳಿಸಿಡಲು) ನೆಟ್ ಬೇಕಿಲ್ಲ, ಪುಶ್ ಮಾಡಲು (ಅದನ್ನು ಆಚೆ ಕಳಿಸಲು) ಮಾತ್ರ ಬೇಕು. ಸ್ಟ್ರೀಟ್‌ಕಂಪ್ಲೀಟ್ ಕೂಡ ಉತ್ತರಗಳನ್ನು ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ಲ್ಯಾಪ್‌ಟಾಪ್ ಚಾರ್ಜ್ ಮಾತ್ರ ಮೋಡ ಕಂಡ ಕೂಡಲೇ ಹಾಕಿ.

ಇಷ್ಟೆಲ್ಲ ಹೇಳಿದ ನಾನು ನಮ್ಮ ಓಣಿಯ ಹೆಸರನ್ನೇ ಇನ್ನೂ ನಕ್ಷೆಗೆ ಹಾಕಿಲ್ಲ. ಎದುರು ಮನೆಯವರು ಒಂದು ಹೆಸರು ಹೇಳುತ್ತಾರೆ, ಮೂಲೆಯ ಅಂಗಡಿಯವರು ಇನ್ನೊಂದು. ಬೋರ್ಡ್ ಇಲ್ಲ.