ಆವಣಿಯಲ್ಲಿ ನೀರಿನ ಪೈಪ್ ಹಾಕಿದ ನನ್ನ ಅನುಭವ

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಗುದ್ದಲಿ ಹಾಕುವ ಮೊದಲು ಕಾನೂನು ಓದಲೇಬೇಕು. ರಾಮಲಿಂಗೇಶ್ವರ ಗುಡಿಗಳು ನೊಳಂಬರ ಕಾಲದವು, 10ನೇ ಶತಮಾನದವು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ರಕ್ಷಿತ ಜಾಗದ ಗಡಿಯಿಂದ 100 ಮೀಟರ್‌ವರೆಗೆ ನಿರ್ಮಾಣ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಸ್ಮಾರಕ ರಕ್ಷಣೆಯ ಈ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿಯಲ್ಲಿ ಸಾರ್ವಜನಿಕರಿಗೆ ನೀರು ಕೊಡುವ ಕಾಮಗಾರಿಯನ್ನು 'ನಿರ್ಮಾಣ' ಎನ್ನುವ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಹಾಗಂತ ಜೆಸಿಬಿ ನುಗ್ಗಿಸಬಹುದಾ? ನಾವು ನಕ್ಷೆ ಕೊಟ್ಟು, ಇಲಾಖೆಯವರು ಒಪ್ಪಿದ ಮೇಲೆಯೇ ಶುರು ಮಾಡಿದೆವು. ಗುಡಿಯ ಜಾಗದೊಳಗೆ ಕಾಲಿಡಲಿಲ್ಲ.

ಇನ್ನೊಂದು ನಕ್ಷೆ ಊರಿನವರ ಬಾಯಲ್ಲಿತ್ತು. ಈ ಬೆಟ್ಟದಲ್ಲಿ ವಾಲ್ಮೀಕಿ ಆಶ್ರಮವಿತ್ತು, ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಅಂತ ಜನ ನಂಬುತ್ತಾರೆ. ಮಕ್ಕಳ ಮೇಲೆ ಯುದ್ಧಕ್ಕೆ ನಿಂತ ಪಾಪ ಕಳೆಯಲು ಅಣ್ಣತಮ್ಮಂದಿರು ಲಿಂಗ ಇಟ್ಟರಂತೆ. ಅದಕ್ಕೇ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ಹಿರಿಯರನ್ನು ಕರೆದುಕೊಂಡು ಬೀದಿ ಪೂರ್ತಿ ನಡೆದೆ. ಎಲ್ಲಿ ಅರಿಶಿನ ಕುಂಕುಮ ಇಡುತ್ತಾರೆ, ಎಲ್ಲಿ ಹಳೇ ಚರಂಡಿ ಇತ್ತು, ಎಲ್ಲ ತೋರಿಸಿದರು. ಆ ಚರಂಡಿಯ ಗುಂಟವೇ ಲೈನ್ ಹಿಡಿದೆ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಅಲ್ವಾ, ಹಳೆಯದೇನಾದರೂ ಹಾಳಾಗುವ ಭಯ ಕಡಿಮೆ.

ಒಂದು ತಿರುವಿನಲ್ಲಿ ಮೊಳದೆತ್ತರದ ಕಲ್ಲೊಂದು ನಿಂತಿದೆ. ಮುಖ ಸವೆದು ಏನು ಕೆತ್ತಿದ್ದರು ಅಂತ ತಿಳಿಯುವುದಿಲ್ಲ. ಬುಡದಲ್ಲಿ ಮಾತ್ರ ಅವತ್ತಿನ ಕುಂಕುಮ, ಎರಡು ಕಣಗಿಲೆ ಹೂವು. ಲೈನ್ ನೇರ ಬಂದರೆ ಅದರ ಕೆಳಗೇ ಹೋಗಬೇಕು. 'ಸ್ವಲ್ಪ ಎತ್ತಿಟ್ಟು ಆಮೇಲೆ ನಿಲ್ಲಿಸೋಣ' ಅಂದರು ಹುಡುಗರು. ನಾನು ಒಪ್ಪಲಿಲ್ಲ. ಕಲ್ಲು ಒಮ್ಮೆ ಕದಲಿದರೆ ಅದು ಅಲ್ಲೇ ಇತ್ತು ಅನ್ನುವುದಕ್ಕೆ ಸಾಕ್ಷಿ ಹೋಯಿತು. 63 ಮಿ.ಮೀ. ಎಚ್‌ಡಿಪಿಇ ಪೈಪ್, ಅಂದರೆ ಬಾಗುವ ಗಟ್ಟಿ ಪ್ಲಾಸ್ಟಿಕ್ ಪೈಪ್, ಸುರುಳಿಯಲ್ಲಿ ಬರುತ್ತದೆ, ಸುಮಾರು 2 ಮೀಟರ್ ತ್ರಿಜ್ಯದಲ್ಲಿ ಆರಾಮಾಗಿ ಬಾಗುತ್ತದೆ. ಕಲ್ಲನ್ನು ಬಳಸಿಕೊಂಡು ಹೋದೆವು. ತಿರುವಿಗೆ ಹಾಕುವ ಎಲ್ಬೋ ಇಲ್ಲ, ಜಾಯಿಂಟ್ ಇಲ್ಲ. ಸೋರಿ ಕಲ್ಲಿನ ಬುಡ ಕೊರೆಯುವ ಚಿಂತೆಯೂ ಇಲ್ಲ.

ಬಂಡೆ ಸಿಕ್ಕ ಕಡೆ ಬ್ರೇಕರ್ ಹಚ್ಚಲಿಲ್ಲ, ಅದರ ಅದುರು ಹಳೇ ಗೋಡೆಗಳಿಗೆ ಒಳ್ಳೆಯದಲ್ಲ. ಉಳಿ ಸುತ್ತಿಗೆಯಲ್ಲೇ ಬಿಡಿಸಿದೆವು. ಕೆಲಸ ನಿಧಾನ, ಕೂಲಿ ಜಾಸ್ತಿ, ಆದರೂ ಅದೇ ಸರಿ. ಆಳ ಸಾಲದ ಕಡೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಕಾಂಕ್ರೀಟ್. ಉಳಿದ ಕಡೆ ಪೈಪಿನ ಕೆಳಗೂ ಮೇಲೂ ಮರಳು. ಒತ್ತಡ ಹಾಕಿ ಪರೀಕ್ಷಿಸಿ, ಮೇಲೆ ನೀಲಿ ಎಚ್ಚರಿಕೆ ಟೇಪ್ ಹಾಸಿ ಮುಚ್ಚಿದೆವು. ಪ್ರತಿ ತಿರುವಿನ ಅಳತೆ ಬರೆದ ನಕ್ಷೆ ಪಂಚಾಯಿತಿಯಲ್ಲಿದೆ. ಕೇಬಲ್ ಹಾಕಲು ಬರುವವರು ಅದನ್ನು ಕೇಳಿ ಪಡೆಯಲಿ.