ಶಿಂಟೊ ಗುಡಿಗೆ ಹೋದಾಗ ಹೇಗೆ ನಡೆದುಕೊಳ್ಳಬೇಕು

ಕಲಬುರಗಿಯಿಂದ ಜಪಾನಿಗೆ ಹೋಗುವವರು ಅಲ್ಲಿನ ಮೂಲ ಧರ್ಮವಾದ ಶಿಂಟೊದ ಗುಡಿಗೆ ಕಾಯಿ-ಕರ್ಪೂರ ಒಯ್ಯುವುದು ಬೇಡ. ಶರಣಬಸವೇಶ್ವರ ಗುಡಿಯಲ್ಲಿ ಬಿಡುವಂತೆ ಹೊರಗೇ ಚಪ್ಪಲಿ ಬಿಡಬೇಕಿಲ್ಲ. ಒಳಮಂಟಪ ಹತ್ತುವುದಿದ್ದರೆ ಮಾತ್ರ ಬಿಡಿ. ತೋರಿ ಎಂಬ ಹೆಬ್ಬಾಗಿಲ ಮುಂದೆ ಒಮ್ಮೆ ತಲೆಬಾಗಿ, ದಾರಿಯ ಬದಿಯಲ್ಲಿ ನಡೆಯಿರಿ. ನಡು ದೇವರದು.

ಹೆಚ್ಚಾಗಿ ತಪ್ಪಾಗುವುದು ನೀರಿನ ತೊಟ್ಟಿಯ ಹತ್ತಿರ. ಒಂದೇ ಸೌಟು ನೀರಿನಲ್ಲಿ ಎಲ್ಲ ಮುಗಿಯಬೇಕು. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಿರಿ, ಕೈ ಬದಲಿಸಿ ಬಲಗೈ. ಮತ್ತೆ ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ತೊಟ್ಟಿಯ ಹೊರಗೆ ಉಗುಳಿ. ಸೌಟಿಗೆ ತುಟಿ ತಾಗಬಾರದು, ತೀರ್ಥದಂತೆ ಕುಡಿಯಲೂಬಾರದು. ಎಡಗೈ ಇನ್ನೊಮ್ಮೆ ತೊಳೆದು ಸೌಟನ್ನು ನೆಟ್ಟಗೆ ನಿಲ್ಲಿಸಿದರೆ, ಉಳಿದ ನೀರು ಹಿಡಿಗುಂಟ ಇಳಿದು ಮುಂದಿನವರಿಗೆ ಅದನ್ನು ತೊಳೆದುಕೊಡುತ್ತದೆ. ಎಷ್ಟು ಚೆಂದದ ಪದ್ಧತಿ!

ಕಾಣಿಕೆ ಪೆಟ್ಟಿಗೆಗೆ ನಾಣ್ಯ ಹಾಕಿ, 5 ಯೆನ್ ಸಾಕು. ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಕೈಮುಗಿದು ಬೇಡಿಕೊಂಡು, ಮತ್ತೊಮ್ಮೆ ಬಾಗಿ. ಇಜುಮೊದಂಥ ಕೆಲವು ಗುಡಿಗಳಲ್ಲಿ ನಾಲ್ಕು ಚಪ್ಪಾಳೆ.

ಗುಡಿಯ ತೋಟದ ಹೂ ನೋಡಲು ತಿಂಗಳು ನೋಡಿಕೊಂಡೇ ಹೋಗಬೇಕು. ಕ್ಯೋಟೊದ ಹೇಯಾನ್ ಗುಡಿಯಲ್ಲಿ ಜೋಲುವ ಚೆರ್ರಿ ಅರಳುವುದು ಏಪ್ರಿಲ್ ಮೊದಲರ್ಧದಲ್ಲಿ. ಟೋಕಿಯೊದ ಮೇಜಿ ಗುಡಿಯ ಐರಿಸ್ ಹೂ ಜೂನ್‌ನಲ್ಲಿ. ಗುಡಿಗೆ ಟಿಕೆಟ್ ಇಲ್ಲ, ಒಳತೋಟಕ್ಕೆ ಇದೆ. ಜೂನ್ ಅಲ್ಲಿ ಮಳೆಗಾಲ, ಕೊಡೆ ಬೇಕು. ನಮ್ಮ ಏಪ್ರಿಲ್ ಬಿಸಿಲು ನೆನೆದು ತೆಳುಬಟ್ಟೆಯಲ್ಲೇ ಹೊರಡಬೇಡಿ. ಕ್ಯೋಟೊದ ಮುಂಜಾನೆಗೆ ಸ್ವೆಟರ್ ಇರಲೇಬೇಕು.